ರೀಡಿಪ್ಲಾಯ್ ಮಾಡಿದಷ್ಟೂ ಮೆಮೊರಿ ಮಾಯ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಜಾವಾ ವೆಬ್ ಅಪ್ಲಿಕೇಶನ್ ಬರೆಯುವವರ ಪತ್ರಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೇಳಿದ ರೀತಿ ಬೇರೆ ಬೇರೆ, ತೊಂದರೆ ಮಾತ್ರ ಹೆಚ್ಚು ಕಡಿಮೆ ಒಂದೇ.

ಪ್ರಶ್ನೆ: ಟಾಮ್‌ಕ್ಯಾಟ್ (ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ಸರ್ವರ್) ಮೇಲೆ ಒಂದು ವೆಬ್ ಅಪ್ಲಿಕೇಶನ್ ಬರೆಯುತ್ತಿದ್ದೇನೆ. ಕೋಡ್ ಬದಲಿಸಿ ಸೇವ್ ಮಾಡಿದ ಕೂಡಲೇ ತಾನಾಗಿ ರೀಡಿಪ್ಲಾಯ್ ಆಗುವ, ಅಂದರೆ ಸರ್ವರ್ ನಿಲ್ಲಿಸದೆ ಹೊಸ ಕೋಡ್ ಮತ್ತೆ ಲೋಡ್ ಆಗುವ ಹಾಗೆ ಇಟ್ಟುಕೊಂಡಿದ್ದೇನೆ. ಬೆಳಗ್ಗೆ ಎಲ್ಲಾ ಸರಿ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ನಿಧಾನ ಆಗುತ್ತದೆ, ಆಮೇಲೆ 'ಔಟ್ ಆಫ್ ಮೆಮೊರಿ ಎರರ್: ಮೆಟಾಸ್ಪೇಸ್' ಅಂತ ಬಂದು ನಿಂತೇ ಹೋಗುತ್ತದೆ. ಎಕ್ಸ್‌ಎಂಎಕ್ಸ್ (ಆಬ್ಜೆಕ್ಟ್‌ಗಳು ಇರುವ ಹೀಪ್ ಮೆಮೊರಿಯ ಮಿತಿ) 1 ಜಿಬಿ ಇದ್ದದ್ದನ್ನು 4 ಜಿಬಿ ಮಾಡಿದೆ, ಏನೂ ಪ್ರಯೋಜನ ಆಗಲಿಲ್ಲ. ಹೀಪ್ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆ. ಇದು ಟಾಮ್‌ಕ್ಯಾಟ್‌ನ ದೋಷವಾ?

ಉತ್ತರ: ಅಲ್ಲ. ನಿಮ್ಮ ಕೋಡ್‌ನಲ್ಲೋ, ನೀವು ಬಳಸುತ್ತಿರುವ ಯಾವುದೋ ಲೈಬ್ರರಿಯಲ್ಲೋ ಉಳಿದುಕೊಂಡ ಒಂದೇ ಒಂದು ರೆಫರೆನ್ಸ್ (ಆಬ್ಜೆಕ್ಟ್ ಅನ್ನು ಹಿಡಿದಿರುವ ಕೊಂಡಿ) ಇದನ್ನು ಮಾಡುತ್ತಿರುತ್ತದೆ. ಎಕ್ಸ್‌ಎಂಎಕ್ಸ್ ಏರಿಸಿದರೆ ಹೀಪ್ ಮಾತ್ರ ದೊಡ್ಡದಾಗುತ್ತದೆ. ನಿಮಗೆ ತುಂಬುತ್ತಿರುವುದು ಮೆಟಾಸ್ಪೇಸ್, ಅಂದರೆ ಲೋಡ್ ಆದ ಕ್ಲಾಸ್‌ಗಳ ಮಾಹಿತಿ ಇಡುವ ಜಾಗ, ಅದು ಇರುವುದೇ ಹೀಪ್‌ನ ಹೊರಗೆ.

ಟಾಮ್‌ಕ್ಯಾಟ್ ಪ್ರತಿಯೊಂದು ವೆಬ್ ಅಪ್ಲಿಕೇಶನ್‌ಗೂ ಅದರದೇ ಒಂದು ಕ್ಲಾಸ್‌ಲೋಡರ್ (ಕ್ಲಾಸ್‌ಗಳನ್ನು ಮೆಮೊರಿಗೆ ತರುವ ಭಾಗ) ಕೊಡುತ್ತದೆ. ನಿಮ್ಮ ಕ್ಲಾಸ್‌ಗಳು, ನಿಮ್ಮ ಲಿಬ್ ಫೋಲ್ಡರಿನ ಜಾರ್‌ಗಳು (ಲೈಬ್ರರಿ ಫೈಲ್‌ಗಳು), ಎಲ್ಲವೂ ಅದರ ಮೂಲಕವೇ ಲೋಡ್ ಆಗುತ್ತವೆ. ರೀಡಿಪ್ಲಾಯ್ ಮಾಡಿದಾಗ ಹಳೆಯ ಲೋಡರ್‌ನ ಕೈಬಿಟ್ಟು ಹೊಸದೊಂದನ್ನು ಕಟ್ಟಿ, ಅದೇ ಸಾವಿರಾರು ಕ್ಲಾಸ್‌ಗಳನ್ನು ಮತ್ತೊಮ್ಮೆ ಲೋಡ್ ಮಾಡುತ್ತದೆ. ಕೈಬಿಡುವುದಷ್ಟೇ ಟಾಮ್‌ಕ್ಯಾಟ್‌ನ ಕೆಲಸ. ಹಳೆಯದನ್ನು ನಿಜವಾಗಿ ತೆಗೆದುಹಾಕಬೇಕಾದದ್ದು ಗಾರ್ಬೇಜ್ ಕಲೆಕ್ಟರ್, ಅಂದರೆ ಯಾರೂ ಹಿಡಿದಿರದ ಆಬ್ಜೆಕ್ಟ್‌ಗಳನ್ನು ಅಳಿಸುವ ಜಾವಾದ ಭಾಗ. ಜಾವಾದಲ್ಲಿ ಕ್ಲಾಸ್‌ಗಳನ್ನು ಒಂದೊಂದಾಗಿ ತೆಗೆಯಲು ಬರುವುದಿಲ್ಲ, ಲೋಡರ್ ಹೋದರೆ ಮಾತ್ರ ಅದು ತಂದ ಕ್ಲಾಸ್‌ಗಳೆಲ್ಲ ಹೋಗುತ್ತವೆ.

ಎಡವಟ್ಟು ಆಗುವುದು ಇಲ್ಲೇ. ಒಂದು ಆಬ್ಜೆಕ್ಟ್‌ಗೆ ತನ್ನ ಕ್ಲಾಸ್ ಗೊತ್ತು, ಕ್ಲಾಸ್‌ಗೆ ತನ್ನ ಲೋಡರ್ ಗೊತ್ತು, ಲೋಡರ್‌ಗೆ ತಾನು ತಂದ ಎಲ್ಲಾ ಕ್ಲಾಸ್‌ಗಳೂ ಗೊತ್ತು, ಆ ಕ್ಲಾಸ್‌ಗಳ ಸ್ಟ್ಯಾಟಿಕ್ ಫೀಲ್ಡ್‌ಗಳಲ್ಲಿ ನಿಮ್ಮ ಕ್ಯಾಶ್‌ಗಳು, ಕಾನ್ಫಿಗರೇಶನ್, ಸ್ಪ್ರಿಂಗ್ ಫ್ರೇಮ್‌ವರ್ಕ್‌ನ ಕಾಂಟೆಕ್ಸ್ಟ್ ಎಲ್ಲಾ ಕೂತಿರುತ್ತವೆ. ಒಂದು ಎಲೆ ಹಿಡಿದು ಎಳೆದರೆ ಇಡೀ ಬಳ್ಳಿಯೇ ಕೈಗೆ ಬರುವ ಹಾಗೆ. ಅಪ್ಲಿಕೇಶನ್‌ನ ಹೊರಗಿನ ಯಾವುದಾದರೂ ಒಂದು, ಅಂದರೆ ಟಾಮ್‌ಕ್ಯಾಟ್‌ನ ಒಂದು ಥ್ರೆಡ್ ಅಥವಾ ಜೆಡಿಕೆಯ (ಜಾವಾದ ಸ್ವಂತ ಲೈಬ್ರರಿ ಮತ್ತು ಉಪಕರಣಗಳ ಕಟ್ಟು) ಒಂದು ಸ್ಟ್ಯಾಟಿಕ್ ಪಟ್ಟಿ, ನಿಮ್ಮ ಒಂದು ಸಣ್ಣ ಆಬ್ಜೆಕ್ಟ್ ಹಿಡಿದುಕೊಂಡರೂ ಸಾಕು, ಹಳೆಯ ಅಪ್ಲಿಕೇಶನ್ ಪೂರ್ತಿಯಾಗಿ ಒಳಗೇ ಉಳಿಯುತ್ತದೆ. ಒಂದು ಸಲಕ್ಕೆ 80 ಎಂಬಿ ಕ್ಲಾಸ್ ಮಾಹಿತಿ ಅಂತ ಇಟ್ಟುಕೊಳ್ಳಿ. ಮಿತಿ 512 ಎಂಬಿ ಇದ್ದರೆ ಆರು ಪ್ರತಿಗಳು ಸೇರುವಷ್ಟರಲ್ಲಿ ಕಥೆ ಮುಗಿಯಿತು.

ಜಾವಾ 7ರವರೆಗೆ ಈ ಜಾಗದ ಹೆಸರು ಪರ್ಮ್‌ಜೆನ್. 2014ರ ಮಾರ್ಚ್‌ನಲ್ಲಿ ಬಂದ ಜಾವಾ 8 ಅದನ್ನು ತೆಗೆದು ಮೆಟಾಸ್ಪೇಸ್ ತಂದಿತು, ಇದು ಆಪರೇಟಿಂಗ್ ಸಿಸ್ಟಮ್‌ನಿಂದ ನೇರವಾಗಿ ಮೆಮೊರಿ ತೆಗೆದುಕೊಳ್ಳುತ್ತದೆ. ಆಗ ತುಂಬಾ ಜನ ತೊಂದರೆ ತೀರಿತು ಅಂದುಕೊಂಡರು. ತೀರಲಿಲ್ಲ. ಮೆಟಾಸ್ಪೇಸ್‌ಗೆ ನೀವಾಗಿ ಮಿತಿ ಹಾಕದಿದ್ದರೆ ಮಿತಿಯೇ ಇಲ್ಲ, ಹಾಗಾಗಿ ಲೀಕ್ (ಬಿಡುಗಡೆಯಾಗದೆ ಉಳಿಯುವ ಮೆಮೊರಿ) ಸದ್ದಿಲ್ಲದೆ ಬೆಳೆದು ಕೊನೆಗೆ ಇಡೀ ಕಂಪ್ಯೂಟರ್ ಸ್ವಾಪ್ ಮಾಡುತ್ತಾ ಒದ್ದಾಡತೊಡಗುತ್ತದೆ. ಮೊದಲಿನ ಎರರ್ ಕೊನೇಪಕ್ಷ ಬೇಗ ಬಂದು ಎಚ್ಚರಿಸುತ್ತಿತ್ತು.

ಇನ್ನೊಂದು ವಿಷಯ. ಮೆಟಾಸ್ಪೇಸ್ ಏರಿದ ಕೂಡಲೇ ಲೀಕ್ ಅಂತ ಹೇಳಲು ಆಗುವುದಿಲ್ಲ. ಹಳೆಯ ಲೋಡರ್‌ನ ಯಾರೂ ಹಿಡಿದಿರದಿದ್ದರೂ ಗಾರ್ಬೇಜ್ ಕಲೆಕ್ಷನ್ ಆಗುವವರೆಗೆ ಅದು ಅಲ್ಲೇ ಬಿದ್ದಿರುತ್ತದೆ. ಅದಕ್ಕೇ ಮೊದಲು ಪರೀಕ್ಷೆ ಮಾಡಿ. ಮೂರ್ನಾಲ್ಕು ಸಲ ರೀಡಿಪ್ಲಾಯ್ ಮಾಡಿ, ಜೆಡಿಕೆ ಜೊತೆಗೇ ಬರುವ ಜೆಸಿಎಂಡಿ ಉಪಕರಣದಿಂದ ಒಮ್ಮೆ ಜಿಸಿ (ಗಾರ್ಬೇಜ್ ಕಲೆಕ್ಷನ್) ಓಡಿಸಿ, ಆಮೇಲೆ ಅದರದೇ ಕ್ಲಾಸ್‌ಲೋಡರ್ ಸ್ಟ್ಯಾಟ್ಸ್ ಆಜ್ಞೆ ಕೊಡಿ. ಪ್ಯಾರಲಲ್‌ವೆಬ್‌ಆ್ಯಪ್‌ಕ್ಲಾಸ್‌ಲೋಡರ್ ಅನ್ನುವ ಸಾಲುಗಳನ್ನು ಎಣಿಸಿ. ಟಾಮ್‌ಕ್ಯಾಟ್‌ನಲ್ಲಿ ಓಡುತ್ತಿರುವ ಅಪ್ಲಿಕೇಶನ್‌ಗಳು ಎಷ್ಟಿವೆಯೋ ಅಷ್ಟೇ ಸಾಲು ಇದ್ದರೆ ಎಲ್ಲಾ ಸರಿ ಇದೆ. ರೀಡಿಪ್ಲಾಯ್ ಮಾಡಿದಷ್ಟೂ ಸಾಲು ಹೆಚ್ಚುತ್ತಿದ್ದರೆ ಅದು ಲೀಕ್, ಅನುಮಾನವೇ ಬೇಡ. ಇದೆಲ್ಲ ಬೇಡ ಅನ್ನುವವರಿಗೆ ಟಾಮ್‌ಕ್ಯಾಟ್‌ನ ಮ್ಯಾನೇಜರ್ ಪುಟದಲ್ಲೇ 'ಫೈಂಡ್ ಲೀಕ್ಸ್' ಬಟನ್ ಇದೆ. ಅದು ಪೂರ್ತಿ ಜಿಸಿ ಮಾಡಿಸಿ, ನಿಲ್ಲಿಸಿದ ಮೇಲೂ ಉಳಿದಿರುವ ಅಪ್ಲಿಕೇಶನ್‌ಗಳ ಹೆಸರು ಹೇಳುತ್ತದೆ. ಜನ ಬಳಸುತ್ತಿರುವ ಸರ್ವರ್‌ನಲ್ಲಿ ಮಾತ್ರ ಒತ್ತಬೇಡಿ, ಆ ಜಿಸಿ ಎಲ್ಲರನ್ನೂ ಒಂದು ಕ್ಷಣ ನಿಲ್ಲಿಸಿಬಿಡಬಹುದು.

ಪ್ರಶ್ನೆ: ಅಪ್ಲಿಕೇಶನ್ ನಿಲ್ಲಿಸಿದಾಗ ಲಾಗ್‌ನಲ್ಲಿ ಎರಡು ಎಚ್ಚರಿಕೆ ಬರುತ್ತವೆ. ಒಂದು, ಜೆಡಿಬಿಸಿ ಡ್ರೈವರ್ (ಡೇಟಾಬೇಸ್ ಸಂಪರ್ಕದ ಲೈಬ್ರರಿ) ರಿಜಿಸ್ಟರ್ ಮಾಡಿ ವಾಪಸ್ ತೆಗೆದಿಲ್ಲ, ನಾವೇ ಬಲವಂತವಾಗಿ ತೆಗೆದಿದ್ದೇವೆ ಅಂತ. ಇನ್ನೊಂದು, 'ಟೈಮರ್-0' ಅನ್ನುವ ಥ್ರೆಡ್ ಶುರು ಮಾಡಿ ನಿಲ್ಲಿಸಿಲ್ಲ, ಇದರಿಂದ ಮೆಮೊರಿ ಲೀಕ್ ಆಗುವ ಸಾಧ್ಯತೆ ಜಾಸ್ತಿ ಅಂತ. ಹೇಗೂ ಟಾಮ್‌ಕ್ಯಾಟ್ ತಾನೇ ನೋಡಿಕೊಳ್ಳುತ್ತದಲ್ಲ, ಬಿಟ್ಟುಬಿಡಬಹುದಾ?

ಉತ್ತರ: ಎರಡೂ ಸಂದೇಶಗಳನ್ನು ಇನ್ನೊಮ್ಮೆ ಓದಿ. ಮೊದಲನೆಯದರಲ್ಲಿ ತೆಗೆದಿದ್ದೇವೆ ಅಂತ ಇದೆ. ಎರಡನೆಯದರಲ್ಲಿ ಆ ಮಾತೇ ಇಲ್ಲ. ಥ್ರೆಡ್ ಇನ್ನೂ ಓಡುತ್ತಿದೆ.

ಡ್ರೈವರ್ ವಿಷಯ ಸುಲಭ. ಡ್ರೈವರ್‌ಮ್ಯಾನೇಜರ್ ಜೆಡಿಕೆಯ ಕ್ಲಾಸ್, ಅದರ ಒಳಗಿನ ಪಟ್ಟಿ ಜೆವಿಎಂ (ಜಾವಾ ಕೋಡ್ ಓಡಿಸುವ ಪ್ರೋಗ್ರಾಂ) ಇರುವಷ್ಟು ಹೊತ್ತೂ ಇರುತ್ತದೆ. ಡ್ರೈವರ್‌ನ ಜಾರ್ ನಿಮ್ಮ ಅಪ್ಲಿಕೇಶನ್ ಒಳಗೆ ಇದ್ದರೆ ಆ ಪಟ್ಟಿಯ ಮೂಲಕ ನಿಮ್ಮ ಲೋಡರ್ ಸಿಕ್ಕಿಬೀಳುತ್ತದೆ. ಟಾಮ್‌ಕ್ಯಾಟ್ ಇದನ್ನು ಬಿಡಿಸುತ್ತದೆ ನಿಜ, ಆದರೂ ಬೇರೆ ಸರ್ವರ್‌ಗೆ ಹೋದಾಗ ಆ ಸಹಾಯ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಜಾರ್ ಅನ್ನು ಟಾಮ್‌ಕ್ಯಾಟ್‌ನ ಸ್ವಂತ ಲಿಬ್ ಫೋಲ್ಡರಿಗೆ ಹಾಕಿ, ಕನೆಕ್ಷನ್ ಪೂಲ್ ಅನ್ನು ಜೆಎನ್‌ಡಿಐ ಡೇಟಾಸೋರ್ಸ್ (ಅಪ್ಲಿಕೇಶನ್ ಹೆಸರಿನಿಂದ ಕೇಳಿ ಪಡೆಯುವ, ಸರ್ವರ್‌ನದೇ ಸಂಪರ್ಕ) ಆಗಿ ಅಲ್ಲೇ ಕೊಡಿ. ಆಗ ಡ್ರೈವರ್ ಒಂದೇ ಸಲ ಲೋಡ್ ಆಗುತ್ತದೆ. ಅಪ್ಲಿಕೇಶನ್ ಒಳಗೇ ಇರಬೇಕು ಅಂತಿದ್ದರೆ ನಿಲ್ಲುವಾಗ ನೀವೇ ಡೀರಿಜಿಸ್ಟರ್ ಮಾಡಿ, ಆದರೆ ನಿಮ್ಮ ಲೋಡರ್‌ನಿಂದ ಬಂದ ಡ್ರೈವರ್‌ಗಳನ್ನು ಮಾತ್ರ. ಸಿಕ್ಕಿದ್ದನ್ನೆಲ್ಲ ತೆಗೆದರೆ ಪಕ್ಕದ ಅಪ್ಲಿಕೇಶನ್‌ನ ಡೇಟಾಬೇಸ್ ಸಂಪರ್ಕಕ್ಕೆ ಕಲ್ಲು ಹಾಕಿದ ಹಾಗಾಗುತ್ತದೆ.

ಥ್ರೆಡ್ ಹಾಗಲ್ಲ. ಓಡುತ್ತಿರುವ ಥ್ರೆಡ್ ಅನ್ನು ಜಿಸಿ ಮುಟ್ಟುವುದೇ ಇಲ್ಲ. ಅದು ಓಡಿಸುತ್ತಿರುವ ಟಾಸ್ಕ್ ನಿಮ್ಮ ಕ್ಲಾಸ್, ಅದರ ಕಾಂಟೆಕ್ಸ್ಟ್ ಕ್ಲಾಸ್‌ಲೋಡರ್ ನಿಮ್ಮ ಲೋಡರ್. ಅಷ್ಟೇ ಅಲ್ಲ, ಆ ಟೈಮರ್ ಹಳೆಯ ಕೋಡ್ ಅನ್ನೇ ಓಡಿಸುತ್ತಾ ಇರುತ್ತದೆ! ಹತ್ತು ನಿಮಿಷಕ್ಕೊಮ್ಮೆ ಇಮೇಲ್ ಕಳಿಸುವ ಕೆಲಸ ಅದರಲ್ಲಿದ್ದರೆ, ಐದು ಸಲ ರೀಡಿಪ್ಲಾಯ್ ಮಾಡಿದ ಮೇಲೆ ಒಂದೇ ಇಮೇಲ್ ಆರು ಸಲ ಹೋಗಬಹುದು, ಅದರಲ್ಲಿ ಐದು ನೀವು ಆಗಲೇ ತಿದ್ದಿದ ಹಳೆಯ ತಪ್ಪುಗಳ ಜೊತೆಗೆ. ಮೆಮೊರಿ ಹೋದದ್ದಕ್ಕಿಂತ ನನಗೆ ಇದೇ ದೊಡ್ಡ ತೊಂದರೆ ಅನ್ನಿಸುತ್ತದೆ.

ಮಾಡಬೇಕಾದದ್ದು ಇಷ್ಟು: ಸರ್ವ್‌ಲೆಟ್‌ಕಾಂಟೆಕ್ಸ್ಟ್‌ಲಿಸನರ್ (ಅಪ್ಲಿಕೇಶನ್ ಶುರುವಾಗುವಾಗ, ನಿಲ್ಲುವಾಗ ಸರ್ವರ್ ಕರೆಯುವ ಕ್ಲಾಸ್) ಒಂದನ್ನು ಬರೆಯಿರಿ. ಕಾಂಟೆಕ್ಸ್ಟ್‌ಇನಿಷಿಯಲೈಸ್ಡ್‌ನಲ್ಲಿ ಏನೇನು ಶುರು ಮಾಡುತ್ತೀರೋ ಕಾಂಟೆಕ್ಸ್ಟ್‌ಡಿಸ್ಟ್ರಾಯ್ಡ್‌ನಲ್ಲಿ ಅದನ್ನೆಲ್ಲ ಉಲ್ಟಾ ಕ್ರಮದಲ್ಲಿ ನಿಲ್ಲಿಸಿ. ಟೈಮರ್ ಆದರೆ ಕ್ಯಾನ್ಸಲ್. ಎಕ್ಸಿಕ್ಯೂಟರ್ ಆದರೆ ಶಟ್‌ಡೌನ್‌ನೌ, ಅದಾದ ಮೇಲೆ ಅವೇಟ್‌ಟರ್ಮಿನೇಶನ್ ಕರೆದು ನಿಜವಾಗಿ ನಿಂತಿತಾ ಅಂತ ಕೆಲವು ಸೆಕೆಂಡ್ ಕಾಯಿರಿ, ಯಾಕಂದರೆ ಶಟ್‌ಡೌನ್‌ನೌ ಇಂಟರಪ್ಟ್ ಕಳಿಸುತ್ತದೆ ಅಷ್ಟೆ, ಇಂಟರಪ್ಟೆಡ್‌ಎಕ್ಸೆಪ್ಶನ್ ಹಿಡಿದು ಸುಮ್ನೆ ನುಂಗಿಬಿಡುವ ಲೂಪ್ ಇದ್ದರೆ ಆ ಥ್ರೆಡ್ ನಿಲ್ಲುವುದೇ ಇಲ್ಲ. ಮೈಎಸ್‌ಕ್ಯೂಎಲ್ ಡ್ರೈವರ್ ಬಳಸುವವರು ಅದರ ಅಬಾಂಡನ್ಡ್‌ಕನೆಕ್ಷನ್‌ಕ್ಲೀನಪ್‌ಥ್ರೆಡ್ ಅನ್ನೂ ನಿಲ್ಲಿಸಬೇಕು, ಅದಕ್ಕೆ ಅದರಲ್ಲೇ ಚೆಕ್ಡ್‌ಶಟ್‌ಡೌನ್ ಅನ್ನುವ ಮೆಥಡ್ ಇದೆ. ಸ್ಪ್ರಿಂಗ್ ಇದ್ದರೆ ಥ್ರೆಡ್‌ಗಳನ್ನು ನೀವೇ ಹುಟ್ಟಿಸಬೇಡಿ, ಅದರ ಟಾಸ್ಕ್ ಶೆಡ್ಯೂಲರ್‌ಗೆ ಕೊಡಿ. ಕಾಂಟೆಕ್ಸ್ಟ್ ಮುಚ್ಚುವಾಗ ಅದೇ ನಿಲ್ಲಿಸುತ್ತದೆ.

ಟಾಮ್‌ಕ್ಯಾಟ್‌ನಲ್ಲಿ 'ಕ್ಲಿಯರ್ ರೆಫರೆನ್ಸಸ್ ಸ್ಟಾಪ್ ಥ್ರೆಡ್ಸ್' ಅಂತ ಒಂದು ಸೆಟ್ಟಿಂಗ್ ಇದೆ, ಉಳಿದ ಥ್ರೆಡ್‌ಗಳನ್ನು ಅದೇ ನಿಲ್ಲಿಸಲು ನೋಡುತ್ತದೆ. ಅದು ಮೊದಲಿಂದಲೇ ಆಫ್ ಇರುವುದಕ್ಕೆ ಕಾರಣ ಇದೆ. ಅರ್ಧ ಕೆಲಸದಲ್ಲಿರುವ ಥ್ರೆಡ್ ಅನ್ನು ಬಲವಂತವಾಗಿ ಕೊಂದರೆ ಡೇಟಾ ಅರೆಬರೆ ಉಳಿಯಬಹುದು. ನಾನಂತೂ ಅದನ್ನು ಆನ್ ಮಾಡಿ ಅಂತ ಹೇಳುವುದಿಲ್ಲ.

ಪ್ರಶ್ನೆ: ಲಾಗಿನ್ ಆದವರ ವಿವರವನ್ನು ಒಂದು ಫಿಲ್ಟರ್‌ನಲ್ಲಿ ಥ್ರೆಡ್‌ಲೋಕಲ್‌ಗೆ (ಪ್ರತಿ ಥ್ರೆಡ್‌ಗೂ ಬೇರೆಯಾದ ವ್ಯಾಲ್ಯೂ ಇಡುವ ವೇರಿಯಬಲ್) ಹಾಕುತ್ತೇವೆ. ಥ್ರೆಡ್‌ಲೋಕಲ್ ಒಳಗೆ ಇರುವುದು ವೀಕ್ ರೆಫರೆನ್ಸ್ (ಜಿಸಿಗೆ ಅಡ್ಡಿ ಮಾಡದ ಸಡಿಲ ಹಿಡಿತ), ಹಾಗಾಗಿ ಲೀಕ್ ಆಗಲು ಸಾಧ್ಯವೇ ಇಲ್ಲ ಅಂತ ನಮ್ಮ ಟೀಮ್‌ನಲ್ಲಿ ಒಬ್ಬರು ವಾದಿಸುತ್ತಾರೆ. ನಿಜವಾ?

ಉತ್ತರ: ಅರ್ಧ ನಿಜ, ತೊಂದರೆ ಆಗುವುದು ಉಳಿದ ಅರ್ಧದಲ್ಲಿ. ಪ್ರತಿ ಥ್ರೆಡ್ ಒಳಗೆ ಒಂದು ಸಣ್ಣ ಮ್ಯಾಪ್ ಇರುತ್ತದೆ. ಅದರ ಕೀ ನಿಮ್ಮ ಥ್ರೆಡ್‌ಲೋಕಲ್, ಅದನ್ನು ವೀಕ್ ಆಗಿಯೇ ಹಿಡಿದಿರುತ್ತದೆ. ಆದರೆ ವ್ಯಾಲ್ಯೂ ಅನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಈಗ ಸರಪಳಿ ನೋಡಿ. ಟಾಮ್‌ಕ್ಯಾಟ್‌ನ ಥ್ರೆಡ್ ನಿಮ್ಮ ಯೂಸರ್ ಆಬ್ಜೆಕ್ಟ್ ಅನ್ನು ಹಿಡಿದಿದೆ. ಆ ಆಬ್ಜೆಕ್ಟ್ ತನ್ನ ಕ್ಲಾಸ್ ಅನ್ನು, ಕ್ಲಾಸ್ ತನ್ನ ಲೋಡರ್ ಅನ್ನು ಹಿಡಿದಿದೆ. ಲೋಡರ್ ನಿಮ್ಮ ಫಿಲ್ಟರ್ ಕ್ಲಾಸ್ ಅನ್ನು ಹಿಡಿದಿದೆ, ಫಿಲ್ಟರ್‌ನ ಸ್ಟ್ಯಾಟಿಕ್ ಫೀಲ್ಡ್‌ನಲ್ಲಿ ಅದೇ ಥ್ರೆಡ್‌ಲೋಕಲ್ ಇದೆ. ಅಂದರೆ ವೀಕ್ ಅಂತ ನಂಬಿದ್ದ ಕೀಯನ್ನು ಅದರದೇ ವ್ಯಾಲ್ಯೂ ಸುತ್ತಿಬಂದು ಗಟ್ಟಿಯಾಗಿ ಹಿಡಿದುಕೊಂಡಿದೆ. ಆ ವೀಕ್ ರೆಫರೆನ್ಸ್ ಯಾವತ್ತೂ ಖಾಲಿ ಆಗುವುದಿಲ್ಲ. ನಿಮ್ಮ ಟೀಮ್‌ನವರಿಗೆ ಇದನ್ನು ಕಾಗದದ ಮೇಲೆ ಬಾಣ ಹಾಕಿ ತೋರಿಸಿ, ವಾದ ಅಲ್ಲಿಗೇ ಮುಗಿಯುತ್ತದೆ.

ವ್ಯಾಲ್ಯೂ ಬರೀ ಸ್ಟ್ರಿಂಗ್ ಅಥವಾ ಇಂಟಿಜರ್ ಆಗಿದ್ದರೆ ಲೋಡರ್ ಸಿಕ್ಕಿಬೀಳುವುದಿಲ್ಲ, ಅವು ಜೆಡಿಕೆಯ ಕ್ಲಾಸ್‌ಗಳು. ಆದರೆ ಅರೇಲಿಸ್ಟ್ ಒಳಗೆ ನಿಮ್ಮ ಒಂದು ಆಬ್ಜೆಕ್ಟ್ ಇದ್ದರೂ ಅಷ್ಟೆ, ಸಿಕ್ಕಿಬಿತ್ತು.

ಪರಿಹಾರ ಒಂದೇ: ಟ್ರೈ ಶುರುವಾಗುವ ಮೊದಲು ಸೆಟ್, ಫೈನಲಿಯಲ್ಲಿ ರಿಮೂವ್. ನಲ್ ಸೆಟ್ ಮಾಡುವುದಲ್ಲ, ರಿಮೂವ್. ಇದು ಲೀಕ್‌ಗಿಂತ ಮುಖ್ಯವಾದ ಇನ್ನೊಂದು ಕಾರಣಕ್ಕೂ ಬೇಕು. ಥ್ರೆಡ್‌ಗಳು ಪೂಲ್‌ನಲ್ಲಿ ಇರುತ್ತವೆ, ಒಬ್ಬರ ಕೆಲಸ ಮುಗಿಸಿದ ಥ್ರೆಡ್ ಮುಂದಿನ ಕ್ಷಣ ಇನ್ನೊಬ್ಬರ ರಿಕ್ವೆಸ್ಟ್ ತೆಗೆದುಕೊಳ್ಳುತ್ತದೆ. ತೆಗೆಯದೆ ಬಿಟ್ಟ ಯೂಸರ್ ವಿವರ ಮುಂದಿನವರಿಗೆ ಕಾಣಿಸಬಹುದು, ಅಲ್ವಾ? ಮೆಮೊರಿ ಹೋದರೆ ಸರ್ವರ್ ರೀಸ್ಟಾರ್ಟ್ ಮಾಡಬಹುದು, ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಹೋದರೆ ಅದನ್ನು ವಾಪಸ್ ತರಲು ಆಗುವುದಿಲ್ಲ.

ಅಪ್ಲಿಕೇಶನ್ ನಿಂತ ಮೇಲೆ ಪೂಲ್‌ನ ಥ್ರೆಡ್‌ಗಳನ್ನು ನಿಧಾನವಾಗಿ ಹೊಸದಾಗಿಸುವ ವ್ಯವಸ್ಥೆ ಟಾಮ್‌ಕ್ಯಾಟ್ 7ರಿಂದ ಇದೆ, ಅದರ ಹೆಸರು ಥ್ರೆಡ್‌ಲೋಕಲ್‌ಲೀಕ್‌ಪ್ರಿವೆನ್ಷನ್‌ಲಿಸನರ್. ಹಾಗಾಗಿ ಈ ಜಾತಿಯ ಕೆಲವು ಲೀಕ್ ಸ್ವಲ್ಪ ಹೊತ್ತಿನಲ್ಲಿ ತಾವಾಗಿ ಮಾಯವಾಗುವುದೂ ಉಂಟು. ಟಾಮ್‌ಕ್ಯಾಟ್‌ನ ಸ್ವಂತ ಪೂಲ್‌ಗೆ ಮಾತ್ರ ಇದು ಅನ್ವಯ.

ಪ್ರಶ್ನೆ: ಲೀಕ್ ಇದೆ ಅಂತ ಖಾತ್ರಿ ಆಯಿತು. ಲಾಗ್‌ನಲ್ಲಿ ಯಾವ ಎಚ್ಚರಿಕೆಯೂ ಇಲ್ಲ. ನೂರಾರು ಜಾರ್‌ಗಳಲ್ಲಿ ಯಾವುದು ಹಿಡಿದುಕೊಂಡಿದೆ ಅಂತ ಹುಡುಕುವುದು ಹೇಗೆ?

ಉತ್ತರ: ಕೋಡ್ ಓದಿ ಹುಡುಕಲು ಹೋಗಬೇಡಿ, ದಿನ ಹೋಗುತ್ತದೆ, ಸಿಗುವುದಿಲ್ಲ. ಹೀಪ್ ಡಂಪ್ (ಆ ಕ್ಷಣದ ಹೀಪ್ ಅನ್ನು ಫೈಲ್‌ಗೆ ಬರೆದ ನಕಲು) ನೇರವಾಗಿ ಹೇಳಿಬಿಡುತ್ತದೆ.

ಸರ್ವರ್ ಶುರು ಮಾಡಿ, ನಿಮ್ಮ ಅಪ್ಲಿಕೇಶನ್‌ನ ಮುಖ್ಯ ಪುಟಗಳನ್ನು ಒಂದೆರಡು ಸಲ ತೆರೆಯಿರಿ. ಬರೀ ಡಿಪ್ಲಾಯ್ ಮಾಡಿ ತೆಗೆದರೆ ಲೀಕ್ ಮಾಡುವ ಕೋಡ್ ಓಡಿಯೇ ಇರುವುದಿಲ್ಲ. ಆಮೇಲೆ ಅಪ್ಲಿಕೇಶನ್ ಅನ್ನು ಅನ್‌ಡಿಪ್ಲಾಯ್ ಮಾಡಿ. ಗಮನಿಸಿ, ರೀಡಿಪ್ಲಾಯ್ ಅಲ್ಲ, ಪೂರ್ತಿ ತೆಗೆಯಿರಿ. ಆಗ ಆ ಅಪ್ಲಿಕೇಶನ್‌ನದು ಅಂತ ಉಳಿದ ಲೋಡರ್ ಏನೇ ಸಿಕ್ಕರೂ ಅದೇ ಕಳ್ಳ, ಹೊಸದು ಯಾವುದು ಹಳೆಯದು ಯಾವುದು ಅನ್ನುವ ಗೊಂದಲ ಇಲ್ಲ. ಈಗ ಜೆಡಿಕೆಯದೇ ಉಪಕರಣವಾದ ಜೆಮ್ಯಾಪ್‌ನಿಂದ 'ಲೈವ್' ಆಯ್ಕೆ ಕೊಟ್ಟು ಡಂಪ್ ತೆಗೆಯಿರಿ. ಲೈವ್ ಅಂದರೆ ಮೊದಲು ಪೂರ್ತಿ ಜಿಸಿ ಮಾಡಿ, ಉಳಿದದ್ದನ್ನು ಮಾತ್ರ ಬರೆಯುತ್ತದೆ.

ಆ ಫೈಲ್ ಅನ್ನು ಎಕ್ಲಿಪ್ಸ್ ಮೆಮೊರಿ ಅನಲೈಸರ್‌ನಲ್ಲಿ ತೆರೆದು ವೆಬ್‌ಆ್ಯಪ್‌ಕ್ಲಾಸ್‌ಲೋಡರ್ ಅಂತ ಹುಡುಕಿ. ಸಿಕ್ಕಿದ ಆಬ್ಜೆಕ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ 'ಪಾತ್ ಟು ಜಿಸಿ ರೂಟ್ಸ್' (ಅದನ್ನು ಯಾರು ಹಿಡಿದಿದ್ದಾರೆ ಅನ್ನುವ ದಾರಿ) ಆರಿಸಿ, ಅದರಲ್ಲಿ ವೀಕ್, ಸಾಫ್ಟ್, ಫ್ಯಾಂಟಮ್ ರೆಫರೆನ್ಸ್‌ಗಳನ್ನು ಬಿಟ್ಟು ತೋರಿಸು ಅನ್ನಿ. ನೂರಾರು ದಾರಿ ಇದ್ದ ಜಾಗದಲ್ಲಿ ಒಂದೋ ಎರಡೋ ಉಳಿಯುತ್ತವೆ. ಕೆಳಗಿನ ತುದಿಯಿಂದ ಮೇಲಕ್ಕೆ ಓದಿ. ತುದಿಯಲ್ಲಿ ಒಂದು ಥ್ರೆಡ್, ಅದರ ಮೇಲೆ 'ಕಾಂಟೆಕ್ಸ್ಟ್ ಕ್ಲಾಸ್ ಲೋಡರ್' ಅಂತ ಫೀಲ್ಡ್ ಇದ್ದರೆ, ಯಾರೋ ಥ್ರೆಡ್ ಶುರು ಮಾಡಿ ಮರೆತಿದ್ದಾರೆ, ಥ್ರೆಡ್‌ನ ಹೆಸರೇ ಸುಳಿವು. 'ಥ್ರೆಡ್ ಲೋಕಲ್ಸ್' ಅಂತ ಇದ್ದರೆ ಹಿಂದಿನ ಪ್ರಶ್ನೆಯ ಕಥೆ. ಜೆಡಿಕೆಯ ಯಾವುದೋ ಕ್ಲಾಸ್‌ನ ಸ್ಟ್ಯಾಟಿಕ್ ಫೀಲ್ಡ್ ಇದ್ದರೆ ಯಾರೋ ಅಲ್ಲಿ ಏನನ್ನೋ ರಿಜಿಸ್ಟರ್ ಮಾಡಿದ್ದಾರೆ: ಶಟ್‌ಡೌನ್ ಹುಕ್, ಜೆಎಂಎಕ್ಸ್ ಎಂಬೀನ್, ಲಾಗಿಂಗ್ ಹ್ಯಾಂಡ್ಲರ್, ಇಂಥವು. ಇವು ಯಾವುದೂ ತಾವಾಗಿ ಹೋಗುವುದಿಲ್ಲ, ಹಾಕಿದವರೇ ತೆಗೆಯಬೇಕು.

ಒಂದನ್ನು ಸರಿಪಡಿಸಿದ ಮೇಲೆ ಮತ್ತೆ ಡಂಪ್ ತೆಗೆದು ನೋಡಿ. ಒಂದು ಬಿಡಿಸಿದರೂ ಇನ್ನೊಂದು ಹಿಡಿದೇ ಇರುತ್ತದೆ, ತುಂಬಾ ಜನ ಮೊದಲನೆಯದನ್ನು ತೆಗೆದು, ಮೆಮೊರಿ ಇಳಿಯಲಿಲ್ಲ ಅಂತ ಕೈಬಿಡುತ್ತಾರೆ. ಕೊನೆಯದು ಹೋಗುವವರೆಗೆ ಒಂದು ಎಂಬಿಯೂ ವಾಪಸ್ ಬರುವುದಿಲ್ಲ.

ಹೀಪ್ ಡಂಪ್ ಒಳಗೆ ಪಾಸ್‌ವರ್ಡ್, ಟೋಕನ್, ಜನರ ವಿವರ ಎಲ್ಲಾ ಹಾಗೇ ಓದಬಹುದಾದ ರೂಪದಲ್ಲಿ ಇರುತ್ತವೆ. ದಯವಿಟ್ಟು ಅದನ್ನು ಸಹಾಯ ಕೇಳುವ ನೆಪದಲ್ಲಿ ಯಾರಿಗೂ ಕಳಿಸಬೇಡಿ.

ಪ್ರಶ್ನೆ: ಜಾವಾ 7ರ ಹಳೆಯ ಪ್ರಾಜೆಕ್ಟ್ ಅನ್ನು ಜಾವಾ 17ಕ್ಕೆ ತರುತ್ತಿದ್ದೇವೆ. ಮ್ಯಾಕ್ಸ್‌ಪರ್ಮ್‌ಸೈಜ್ (ಪರ್ಮ್‌ಜೆನ್‌ನ ಮಿತಿ) 256 ಎಂಬಿ ಅಂತ ಇದ್ದ ಸ್ಕ್ರಿಪ್ಟ್‌ನಲ್ಲಿ ಜೆವಿಎಂ ಶುರುವೇ ಆಗುತ್ತಿಲ್ಲ.

ಉತ್ತರ: ಆ ಆಯ್ಕೆಯನ್ನು ಅಳಿಸಿ. ಜಾವಾ 8ರಿಂದ 16ರವರೆಗೆ ಜೆವಿಎಂ ಒಂದು ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತಿತ್ತು, 17 ಅದನ್ನು ಗುರುತೇ ಹಿಡಿಯುವುದಿಲ್ಲ. ಸಿಎಂಎಸ್ ಅನ್ನುವ ಹಳೆಯ ಗಾರ್ಬೇಜ್ ಕಲೆಕ್ಟರ್‌ನ ಆಯ್ಕೆಗಳೂ ಇದ್ದರೆ ತೆಗೆಯಿರಿ, ಆ ಕಲೆಕ್ಟರ್ ಜಾವಾ 14ರಲ್ಲೇ ಹೋಯಿತು.

ಪ್ರಶ್ನೆ: ಇಷ್ಟೆಲ್ಲ ಯಾಕೆ? ಪ್ರತಿ ಸಲ ಟಾಮ್‌ಕ್ಯಾಟ್ ನಿಲ್ಲಿಸಿ ಶುರು ಮಾಡಿದರೆ ಸಾಕಲ್ಲ. ಡೆವಲಪ್‌ಮೆಂಟ್‌ಗೆ ಯಾವ ವಿಧಾನ ಒಳ್ಳೆಯದು?

ಉತ್ತರ: ನಿಮ್ಮ ಅಪ್ಲಿಕೇಶನ್ ಕೆಲವೇ ಸೆಕೆಂಡ್‌ಗಳಲ್ಲಿ ಏಳುತ್ತದೆ ಅಂತಾದರೆ ಖಂಡಿತ ರೀಸ್ಟಾರ್ಟ್ ಮಾಡಿ. ಜೆವಿಎಂ ಹೋದರೆ ಲೀಕ್ ಕೂಡ ಅದರ ಜೊತೆಗೇ ಹೋಗುತ್ತದೆ, ಇದರಲ್ಲಿ ಯಾವ ತಪ್ಪೂ ಇಲ್ಲ.

ಒಂದು ಮೆಥಡ್‌ನ ಒಳಗೆ ನಾಲ್ಕು ಸಾಲು ಬದಲಿಸಿದ್ದಕ್ಕೆ ರೀಡಿಪ್ಲಾಯ್ ಬೇಕೇ ಇಲ್ಲ. ಡಿಬಗ್ ಮೋಡ್‌ನಲ್ಲಿ ಓಡಿಸಿ, ಜೆವಿಎಂನ ಹಾಟ್‌ಸ್ವಾಪ್ ಆ ಮೆಥಡ್ ಅನ್ನು ಅಲ್ಲೇ ಬದಲಿಸುತ್ತದೆ, ಹೊಸ ಲೋಡರ್ ಹುಟ್ಟುವುದೇ ಇಲ್ಲ. ಹೊಸ ಫೀಲ್ಡ್ ಅಥವಾ ಹೊಸ ಮೆಥಡ್ ಸೇರಿಸಲು ಮಾತ್ರ ಸಾಮಾನ್ಯ ಜೆವಿಎಂ ಬಿಡುವುದಿಲ್ಲ. ಅದಕ್ಕೆ ಜೆಟ್‌ಬ್ರೇನ್ಸ್ ರನ್‌ಟೈಮ್ ಜೊತೆ ಹಾಟ್‌ಸ್ವಾಪ್ ಏಜೆಂಟ್ ಬಳಸಬಹುದು, ದುಡ್ಡು ಕೊಡಲು ತಯಾರಿದ್ದರೆ ಜೆರೆಬೆಲ್ ಇದೆ. ಸ್ಪ್ರಿಂಗ್ ಬೂಟ್‌ನ ಡೆವ್‌ಟೂಲ್ಸ್ ಬೇರೆ ದಾರಿ ಹಿಡಿಯುತ್ತದೆ: ಬದಲಾಗದ ಜಾರ್‌ಗಳಿಗೆ ಒಂದು ಲೋಡರ್, ನಿಮ್ಮ ಕೋಡ್‌ಗೆ ಇನ್ನೊಂದು, ಬದಲಾದಾಗ ಎರಡನೆಯದನ್ನು ಮಾತ್ರ ಎಸೆದು ಹೊಸದು ಕಟ್ಟುತ್ತದೆ. ವೇಗ ಚೆನ್ನಾಗಿದೆ. ಆದರೆ ಎಸೆಯುವ ಲೋಡರ್ ಅಂತ ಬಂದ ಮೇಲೆ ನಿಲ್ಲಿಸದ ಥ್ರೆಡ್ ಅಲ್ಲೂ ಅದೇ ಕೆಲಸ ಮಾಡುತ್ತದೆ, ನಿಮ್ಮ ಕೋಡ್ ಅಷ್ಟೇ ಉಳಿಯುವುದರಿಂದ ತುಂಬಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ.

ಯಾವುದೇ ದಾರಿ ಹಿಡಿದರೂ ನಿಮ್ಮ ಕಂಪ್ಯೂಟರಿನಲ್ಲಿ ಮ್ಯಾಕ್ಸ್‌ಮೆಟಾಸ್ಪೇಸ್‌ಸೈಜ್ ಅನ್ನು ಬೇಕೆಂದೇ ಬಿಗಿಯಾಗಿ ಇಡಿ. ಅಪ್ಲಿಕೇಶನ್ ಒಮ್ಮೆ ಪೂರ್ತಿ ಓಡಿದಾಗ ಎಷ್ಟು ಬೇಕೋ ನೋಡಿ, ಅದರ ಎರಡೂವರೆ ಪಟ್ಟು ಸಾಕು. ಜೊತೆಗೆ ಎರರ್ ಬಂದಾಗ ತಾನಾಗಿ ಹೀಪ್ ಡಂಪ್ ಬರೆಯುವ ಆಯ್ಕೆಯನ್ನೂ ಕೊಡಿ. ಲೀಕ್ ಇದ್ದರೆ ಬೆಳಗ್ಗೆಯೇ ಬಯಲಾಗುತ್ತದೆ, ಯಾವ ಬದಲಾವಣೆಯಿಂದ ಬಂತು ಅಂತ ನಿಮಗೆ ಆಗ ನೆನಪೂ ಇರುತ್ತದೆ. ಮಿತಿಯನ್ನು 2 ಜಿಬಿಗೆ ಏರಿಸಿ ಇಡೀ ದಿನ ತಳ್ಳುವವರಿಗೆ ಆ ಅನುಕೂಲ ಇಲ್ಲ.

ಪ್ರೊಡಕ್ಷನ್‌ನಲ್ಲಿ ನಾವು ಯಾವಾಗಲೂ ರೀಸ್ಟಾರ್ಟೇ ಮಾಡುತ್ತೇವೆ, ನಮಗೆ ಇದು ಬೇಡ ಅನ್ನುವವರು ಎರಡು ವಿಷಯ ನೋಡಿಕೊಳ್ಳಿ. ಟಾಮ್‌ಕ್ಯಾಟ್ 7ರಿಂದ ಇರುವ ಪ್ಯಾರಲಲ್ ಡಿಪ್ಲಾಯ್‌ಮೆಂಟ್ ಬಳಸುತ್ತಿದ್ದರೆ ಹಳೆಯ ಆವೃತ್ತಿ, ಹೊಸ ಆವೃತ್ತಿ ಎರಡೂ ಒಂದೇ ಜೆವಿಎಂನಲ್ಲಿ ಇರುತ್ತವೆ, ಅಲ್ಲಿ ಲೀಕ್ ನೇರವಾಗಿ ಬಾಧಿಸುತ್ತದೆ. ಎರಡನೆಯದು, ನಿಲ್ಲಿಸಲು ಬಾರದ ಥ್ರೆಡ್ ರೀಸ್ಟಾರ್ಟ್‌ನಲ್ಲೂ ಕಾಟ ಕೊಡುತ್ತದೆ. ಡೀಮನ್ (ಜೆವಿಎಂ ನಿಲ್ಲಲು ಅಡ್ಡಿಯಾಗದ ಹಿನ್ನೆಲೆ ಥ್ರೆಡ್) ಅಲ್ಲದ ಒಂದು ಥ್ರೆಡ್ ಓಡುತ್ತಿದ್ದರೆ ಸಾಕು, ಸ್ಟಾಪ್ ಹೇಳಿದರೂ ಜೆವಿಎಂ ನಿಲ್ಲದೆ ಹಾಗೇ ಕೂತಿರುತ್ತದೆ. ಜಾವಾದ ಟೈಮರ್ ಒಂದನ್ನು ಹೊಸದಾಗಿ ಮಾಡುವಾಗ ಡೀಮನ್ ಅಂತ ಹೇಳದಿದ್ದರೆ ಅದು ಡೀಮನ್ ಅಲ್ಲ. ಆಗ ಜನ ಕಿಲ್ ಮೈನಸ್ 9 (ಪ್ರೋಗ್ರಾಂ ಅನ್ನು ಬಲವಂತವಾಗಿ ಕೊಲ್ಲುವ ಆಜ್ಞೆ) ಕೊಡುತ್ತಾರೆ, ನಡೆಯುತ್ತಿದ್ದ ಕೆಲಸಗಳು ಅರ್ಧಕ್ಕೇ ನಿಲ್ಲುತ್ತವೆ. ನಿಮ್ಮ ಸ್ಟಾಪ್ ಸ್ಕ್ರಿಪ್ಟ್‌ನಲ್ಲಿ ಆ ಸಾಲು ಇದೆಯಾ ನೋಡಿ. ಇದ್ದರೆ ಅದನ್ನು ಯಾಕೆ ಹಾಕಬೇಕಾಯಿತು ಅಂತ ಒಂದು ಥ್ರೆಡ್ ಡಂಪ್ ತೆಗೆದು ನೋಡಿ, ನಿಲ್ಲದ ಥ್ರೆಡ್‌ನ ಹೆಸರು ಅದರಲ್ಲೇ ಇರುತ್ತದೆ.